ರೊಮೇನಳ ಕೋವಿಯಲ್ಲಿ ಉಳಿದ ಮದ್ದು

ಹೆಮ್ಲಾಕ್ ಫೋರ್ಕ್, ಪಾಟರ್ ಕೌಂಟಿ
೧೨ ಏಪ್ರಿಲ್ ೧೯೮೮

ರೊಮೇನ್,

ನಿನ್ನ ಹೊಸ ವಿಳಾಸವನ್ನು ಫರ್ನ್ ನಿನ್ನ ತಂಗಿಗೆ ಫೋನು ಮಾಡಿ ತೆಗೆದುಕೊಂಡಳು. ನನ್ನ ಮಗನಿಗೂ ನಿನಗೂ ಕೋರ್ಟಿನಲ್ಲಿ ಆದದ್ದು ಆಗಿಹೋಯಿತು, ಅದರ ಬಗ್ಗೆ ಬರೆಯಲು ನಾನು ಕೂತಿಲ್ಲ. ಕೋವಿಯ ವಿಷಯ ಒಂದಿದೆ.

ಇಲ್ಲಿ ಹಿಮ ಕರಗಿ ಹಾದಿಯೆಲ್ಲ ಕೆಸರು. ಹೊರಗೆ ಕಾಲಿಡುವ ಹಾಗಿಲ್ಲದ್ದಕ್ಕೆ ನಿನ್ನೆ ಗೋಡೆಯ ಮೇಲಿನ ಚಕಮಕಿ ಕೋವಿಗಳನ್ನೆಲ್ಲ ಇಳಿಸಿ ಎಣ್ಣೆ ಹಚ್ಚಲು ಕೂತೆ. ನನ್ನದು, ಮಗ ಗಾರ್ತನದು, ನನ್ನ ತಮ್ಮ ಮರ್ಲನದು ಮುಗಿಸಿ ನಿನ್ನದನ್ನು ತೊಡೆಯ ಮೇಲಿಟ್ಟುಕೊಂಡೆ. ನಳಿಗೆಗೆ ಗುಂಡು ಜಡಿಯುವ ಗಜದ ಕೋಲು ಇಳಿಸಿದರೆ ಅದು ಬುಡ ಮುಟ್ಟಲಿಲ್ಲ. ಕೋವಿ ತುಂಬಿದೆ! ಜನವರಿಯಿಂದಲೂ ತುಂಬಿದ ಕೋವಿ ನಮ್ಮ ಊಟದ ಮೇಜಿನ ಮೇಲೆ ತೂಗುತ್ತಿತ್ತು. ಫರ್ನ್‌ಗೆ ಹೇಳಿದೆ. ಅವಳು ಪಾತ್ರೆ ತೊಳೆಯುವ ಕೈ ನಿಲ್ಲಿಸದೆ, “ಅದರ ಕೆಳಗೇ ಕೂತು ಈಸ್ಟರ್ ಊಟ ಮಾಡಿದ್ವಲ್ರೀ, ಪಾದ್ರಿಗಳೂ ಇದ್ರು” ಅಂದಳು.

ಭಯಪಡಬೇಡ. ಬಟ್ಟಲಲ್ಲಿ ಕಿಡಿ ಹಿಡಿಯುವ ಮದ್ದಿಲ್ಲ, ಕಿಡಿ ಹೊಡೆಯುವ ಕುದುರೆಯ ಬಾಯಲ್ಲಿ ಚಕಮಕಿ ಕಲ್ಲೂ ಇಲ್ಲ, ತಾನಾಗಿ ಹಾರುವುದಿಲ್ಲ. ಬೇಟೆಯ ಋತು ಮುಗಿದ ಸಂಜೆ ಕಾಡಿನ ನಮ್ಮ ಕ್ಯಾಂಪಿನ ಹಿಂದಿನ ಹೆಮ್ಲಾಕ್ ಮರದ ಬೊಡ್ಡೆಗೆ ಎಲ್ಲರೂ ಸಾಲಾಗಿ ನಿಂತು ಉಳಿದ ಗುಂಡು ಹಾರಿಸಿ ಕೋವಿ ಖಾಲಿ ಮಾಡುತ್ತೇವಲ್ಲ, ಈ ಸಲ ಆ ಹೊತ್ತಿಗೆ ನೀನಿರಲಿಲ್ಲ. ತಲೆನೋವು ಎಂದು ಮೊದಲೇ ಇಳಿದು ಹೋದೆ. ಕೋವಿಯನ್ನು ನಮ್ಮ ಗೋಡೆಗೆ ತೂಗುಹಾಕಿದವಳೂ ನೀನೇ.

ನನ್ನ ತೊಂದರೆ ಇದು. ನಿನ್ನ ಕೋಲಿನ ಮೇಲೆ ಚಾಕುವಿನಲ್ಲಿ ಎರಡು ಗೆರೆ ಕೊರೆದುಕೊಟ್ಟಿದ್ದೇನೆ. ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದ ನಳಿಗೆಗೆ ಒಂದು. ಈಗ ತುಂಬಿದ ಗೆರೆ ನಳಿಗೆಯ ಬಾಯಿಗಿಂತ ಎರಡು ಬೆರಳು ಮೇಲೆ ನಿಂತಿದೆ. ಹಿಂದಿನ ಗುಂಡಿನ ಮಸಿಯಲ್ಲಿ ಈ ಗುಂಡು ಸಿಕ್ಕಿಕೊಂಡು, ಮದ್ದಿನ ತನಕ ಇಳಿಯದೆ ನಡುವೆ ಪೊಳ್ಳು ಬಿಟ್ಟಿರಬಹುದು. ಇಲ್ಲವೇ ಮದ್ದೇ ಎರಡು ಸಲ ಬಿದ್ದಿರಬಹುದು. ಮೊದಲನೆಯದಾದರೆ ಕೋಲಿನಿಂದ ತಳ್ಳಿ ಕೂರಿಸಿ ಬೊಡ್ಡೆಗೆ ಹಾರಿಸಿಬಿಡುತ್ತೇನೆ. ಎರಡನೆಯದಾದರೆ ಬೆಂಕಿ ತೋರಿಸುವ ಮಾತೇ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ.

ಕೊನೆಯ ದಿನ ಜಿಂಕೆ ಹಾಯುವ ಮೇಲಿನ ಗಂಡಿಯಲ್ಲಿ ಕಾಯುತ್ತಾ ನಿಂತಿದ್ದವಳು ನೀನೊಬ್ಬಳೇ. ನಿನ್ನ ಕೋವಿಯ ಸದ್ದು ಒಮ್ಮೆ ಕೇಳಿತು. ಆಮೇಲೆ ಹೇಗೆ ತುಂಬಿದೆ? ನೆನಪಿದ್ದರೆ ಬರೆ.

ಎಲ್ವುಡ್ ಕಾನ್ಫರ್


ಹೆಮ್ಲಾಕ್ ಫೋರ್ಕ್
೧೫ ಮೇ

ರೊಮೇನ್,

ಹಿಂದಿನ ಕಾಗದ ತಲುಪಿತೋ ಇಲ್ಲವೋ. ತಲುಪಿರುತ್ತದೆ, ವಾಪಸು ಬಂದಿಲ್ಲ.

ಕೋವಿಯನ್ನು ಮೇಜಿನ ಮೇಲಿಂದ ತೆಗೆದು ಉಪಕರಣದ ಕೊಟ್ಟಿಗೆಯಲ್ಲಿಟ್ಟಿದ್ದೇನೆ, ಬಾಯಿ ಗೋಡೆಯ ಕಡೆಗೆ. ಹೆಚ್ಚು ದಿನ ಹೀಗಿರುವುದು ಒಳ್ಳೆಯದಲ್ಲ. ಶುಭ್ರವಾದ ನಳಿಗೆಯಲ್ಲಿ ಮದ್ದು ವರ್ಷ ಕೂತರೂ ಕೆಡುವುದಿಲ್ಲ. ಆದರೆ ಒಂದು ಸಲ ಹಾರಿಸಿ, ಒರೆಸದೆ ತುಂಬಿದ್ದರೆ ಆ ಮಸಿ ಗಾಳಿಯ ನೀರೆಳೆದು ಒಳಗೊಳಗೇ ಕಬ್ಬಿಣ ತಿನ್ನುತ್ತದೆ. ನಿನಗೆ ಗೊತ್ತಿರದ ವಿಷಯವೇನಲ್ಲ.

ಮರ್ಲ್ ಡಿಸೆಂಬರಿನ ಮಾತು ಈಗಲೇ ಶುರು ಮಾಡಿದ್ದಾನೆ. ಕ್ರಿಸ್‌ಮಸ್ ಮರುದಿನ ನಮ್ಮ ಋತು ಶುರುವಾಗುವಷ್ಟರಲ್ಲಿ ಅವನಿಗೆ ಎಪ್ಪತ್ತು. “ಮೇಲಿನ ಗಂಡಿಗೆ ಯಾರು ಈ ಸಲ?” ಎಂದು ಕೇಳಿದ. ನೋಡೋಣ ಅಂದೆ. “ಏನ್ ನೋಡೋದು? ಆ ಹುಡುಗಿ ಗುಂಡು ಹಾರ್ಸಿದ್ಳು, ಜಿಂಕೆ ಬೀಳ್ಲಿಲ್ಲ, ತಪ್ಪಿದ್ದಕ್ಕೆ ದಂಡ ಅಂತ ಅಂಗಿ ತುದಿ ಕತ್ತರಿಸ್ಕೊಳ್ದೆ ಪರಾರಿ ಆದ್ಳು. ನಾನು ಗುರಿ ತಪ್ಪಿದಾಗೆಲ್ಲ ಕತ್ತರಿ ಹಿಡ್ಕೊಂಡು ಓಡಿ ಬರ್ತಿದ್ದೋಳು ಅವ್ಳೇ. ಕ್ಯಾಂಪ್ ಗೋಡೆ ಮೇಲೆ ನನ್ನ ಅಂಗಿನೇ ಅರ್ಧ ಇದೆ” ಅಂದ.

ನಲವತ್ತೊಂದರ ನೀನು ಅವನಿಗೆ ಇನ್ನೂ ಹುಡುಗಿ.

ಎಲ್ವುಡ್


ಆಲ್ಟೂನಾ
೯ ಜೂನ್

ಮಾವ,

ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಹೀಗೇ ಬರೆದಿದ್ದೇನೆ. ಕೋರ್ಟಿನ ಕಾಗದದಲ್ಲಿ ಇದರ ಬಗ್ಗೆ ಏನೂ ಹೇಳಿಲ್ಲ.

ಎರಡು ಕಾಗದವೂ ಬಂದವು. ಇಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ರಜೆ ಬಂದದ್ದಕ್ಕೆ ಬರೆಯಲು ಪುರುಸೊತ್ತು ಸಿಕ್ಕಿತು ಅನ್ನಬಹುದು, ಆದರೆ ಪುರುಸೊತ್ತು ಮೊದಲೂ ಇತ್ತು.

ಕೋವಿಗೆ ಬೆಂಕಿ ತೋರಿಸಬೇಡಿ. ಮದ್ದು ಎರಡು ಸಲ ಬಿದ್ದಿದೆ ಎಂದು ನನ್ನ ಅಂದಾಜು. ಹೇಗೆಂದು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ, ಅದಕ್ಕೇ ಇಷ್ಟು ತಡವಾಯಿತು.

ಕೊನೆಯ ಸೋವು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನೀವೆಲ್ಲ ಕೆಳಗಿನಿಂದ ಸಾಲಾಗಿ ಕೂಗುತ್ತಾ ಜಿಂಕೆಗಳನ್ನು ಎಬ್ಬಿಸಿಕೊಂಡು ಬರುತ್ತಿದ್ದಿರಿ. ಲಾರೆಲ್ ಪೊದೆಯಿಂದ ಒಂದು ಹೆಣ್ಣು ಜಿಂಕೆ ಎದ್ದು ಅಡ್ಡ ಓಡಿತು. ಹಾರಿಸಿದೆ. ಹೊಗೆ ಕದಲಲಿಲ್ಲ, ಗಾಳಿಯೇ ಇರಲಿಲ್ಲ. ಇನ್ನೊಂದು ಬಂದರೂ ಬರಬಹುದೆಂದು ನಳಿಗೆ ಒರೆಸದೆಯೇ ತುಂಬಲು ಶುರುಮಾಡಿದೆ. ಮದ್ದಿನ ಕೊಂಬಿನಿಂದ ಅಳತೆ ಕೊಳವೆಗೆ, ಅಳತೆಯಿಂದ ನಳಿಗೆಗೆ ಮದ್ದು ಸುರಿದೆ. ಆಗ ಗಾರ್ತ್ ಪೊದೆಯಿಂದ ಹೊರಗೆ ಬಂದ.

“ಸಾಲು ಬಿಟ್ಟು ಬಂದಿದೀಯಲ್ಲ, ಏನಾಯ್ತು?” ಅಂದೆ.

“ನಿನ್ ಹತ್ರ ಒಂದ್ ಮಾತು ಹೇಳ್ಬೇಕಿತ್ತು.”

“ಈಗ್ಲೇನಾ?”

“ಮನೇಲಿ ಹೇಳೋಕೆ ಬಾಯಿ ಬರಲ್ಲ” ಅಂದ.

ಹೇಳಿದ. ಬೇರೊಬ್ಬಳಿದ್ದಾಳೆ, ತಿಂಗಳ ಕೊನೆಗೆ ಅವಳಿರುವ ಊರಿಗೆ ಹೋಗುತ್ತೇನೆ ಎಂದ. ಕಿರುಚಲಿಲ್ಲ, ನಾನೂ ಕಿರುಚಲಿಲ್ಲ. ಕೆಳಗಿನಿಂದ ಮರ್ಲ್ ಚಿಕ್ಕಪ್ಪ “ಗಾರ್ತ್, ಎಲ್ಲಿ ಸತ್ಯೋ?” ಎಂದು ಕೂಗುತ್ತಿದ್ದರು. ಅವನು ಇಳಿದು ಹೋದ.

ಆಮೇಲೆ ನನ್ನ ಕೈ ನೋಡಿಕೊಂಡೆ. ಕೈಯಲ್ಲಿ ಅಳತೆ ಇತ್ತು, ಖಾಲಿ. ಖಾಲಿ ಇದೆ ಅಂದರೆ ಇನ್ನೂ ಹಾಕಿಲ್ಲ ಅಂದುಕೊಂಡು ತುಂಬಿಸಿ ಸುರಿದೆ. ಬಟ್ಟೆ ಇಟ್ಟೆ, ಗುಂಡಿಟ್ಟೆ, ಜಡಿದೆ. ಕೋಲಿನ ಗೆರೆ ನೋಡಿದ ನೆನಪಿಲ್ಲ. ಹಾರಿಸಿದ ಜಿಂಕೆಯ ಹೆಜ್ಜೆ ಹಿಡಿದು ರಕ್ತ ಬಿದ್ದಿದೆಯೋ ಎಂದು ನೋಡಲೂ ಹೋಗಲಿಲ್ಲ. ಹದಿನೆಂಟು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಗಾರ್ತ್ ಹೇಳಿದ್ದಕ್ಕಿಂತ ಅದು ಕೆಲವು ದಿನ ಹೆಚ್ಚು ಕಾಡುತ್ತದೆ.

ಅತ್ತೆಯನ್ನು ಕೇಳಿದೆ ಎಂದು ಹೇಳಿ.

ರೊಮೇನ್


ಹೆಮ್ಲಾಕ್ ಫೋರ್ಕ್
೨೬ ಜೂನ್

ರೊಮೇನ್,

ನಿನ್ನ ಕಾಗದವನ್ನು ಫರ್ನ್‌ಗೆ ಓದಿ ಹೇಳಲಿಲ್ಲ. ಅವಳೇ ತೆಗೆದು ಓದಿದಳು. ಓದಿ, ಹೋಗಿ ಬಟಾಣಿ ಬಳ್ಳಿಯ ಬುಡ ಅಗೆದಳು. ಕಳೆ ಮೊನ್ನೆಯೇ ಕಿತ್ತಾಗಿತ್ತು.

ಮೊದಲು ಜಿಂಕೆಯ ವಿಷಯ. ಮರುದಿನ ಭಾನುವಾರ, ಬೇಟೆಯಿಲ್ಲದ ದಿನ. ಮರ್ಲ್ ಸುಮ್ಮನೆ ನಿನ್ನ ಗಂಡಿಗೆ ಹೋಗಿ ಹೆಜ್ಜೆ ಹಿಡಿದು ತೊರೆಯ ತನಕ ನಡೆದಿದ್ದ. ಹಿಮದ ಮೇಲೆ ಒಂದು ಹನಿ ರಕ್ತವಿಲ್ಲ, ಕೂದಲೂ ಇಲ್ಲ. ನಿನ್ನ ಗುಂಡು ಒಂದು ಬೀಚ್ ಮರಕ್ಕೆ ಬಡಿದಿದೆ. ಚೆನ್ನಾಗಿ ತಪ್ಪಿದ್ದೀಯ. ಅದನ್ನು ತಲೆಯಿಂದ ತೆಗೆ.

ಇನ್ನು ಕೋವಿ. ಕಿಡಿ ಒಳಹೋಗುವ ಕಿವಿತೂತಿನಿಂದ ಪಿಚಕಾರಿಯಲ್ಲಿ ನೀರು ಬಿಟ್ಟು, ಬಾಯಿಯಿಂದ ಎಣ್ಣೆ ಸುರಿದು, ರಾತ್ರಿಯಿಡೀ ನೆನೆಯಲು ಬಿಟ್ಟೆ. ಒದ್ದೆಯಾದ ಮದ್ದು ಬರೀ ಕೆಸರು, ಅದಕ್ಕೆ ಹೆದರಬೇಕಿಲ್ಲ. ಬೆಳಿಗ್ಗೆ ಕೋಲಿನ ತುದಿಗೆ ತಿರುಪು ಮೊಳೆ ಸಿಕ್ಕಿಸಿ ಗುಂಡಿನೊಳಗೆ ತಿರುಗಿಸಿದೆ. ಕೋಲನ್ನು ಬೇಲಿಯ ಕಂಬಕ್ಕೆ ಬಿಗಿದು, ನಾನು ಕೋವಿಯ ಹಿಡಿ ಹಿಡಿದು ಹಿಂದಕ್ಕೆ ಎಳೆದೆ. ಬರಲಿಲ್ಲ. ಮರ್ಲ್ ಬಂದು ನನ್ನ ಸೊಂಟ ಹಿಡಿದು ಎಳೆದ. “ಹಸು ಈಯಿಸೋಕೂ ಇಷ್ಟು ಕಷ್ಟ ಇರಲ್ಲ ಕಣಣ್ಣಾ” ಅಂದ. ಗುಂಡು ಬಂತು, ನಾವಿಬ್ಬರೂ ಕೋಳಿಗೂಡಿನ ಮೇಲೆ ಬಿದ್ದೆವು.

ಹಿಂದೆಯೇ ಮದ್ದಿನ ಕೆಸರು ಕೆರೆದು ತೆಗೆದೆ. ಎರಡು ಪಾಲು ಇತ್ತು, ನಿನ್ನ ಅಂದಾಜು ಸರಿ. ಆಮೇಲೆ ಕುದಿಯುವ ನೀರು, ಸೋಪು, ಮತ್ತೆ ಕುದಿಯುವ ನೀರು. ಮೊದಲು ಕಪ್ಪು, ಆಮೇಲೆ ತುಕ್ಕಿನ ಕೆಂಪು. ಬುಡದಿಂದ ನಾಲ್ಕು ಬೆರಳು ಮೇಲೆ, ಗುಂಡು ಕೂತಿದ್ದ ಕಡೆ, ನಳಿಗೆಯ ಒಳಮೈ ಸಿಡುಬು ಬಂದ ಮುಖದ ಹಾಗಿದೆ. ಉಜ್ಜಬಹುದು. ಪೂರಾ ಹೋಗುವುದಿಲ್ಲ.

ಗಾರ್ತನಿಗೆ ನಾನು ಕೋವಿ ಮುಟ್ಟಲು ಬಿಡುವ ಮೊದಲೇ ಕಲಿಸಿದ್ದು, ತುಂಬುತ್ತಿರುವವರ ಹತ್ತಿರ ಮಾತಾಡಬಾರದು ಎಂದು.

ಎಲ್ವುಡ್


ಆಲ್ಟೂನಾ
೧೮ ಜುಲೈ

ಮಾವ,

ಕೋಳಿಗೂಡು ಹೇಗಿದೆ?

ಒಳಮೈ ಒರಟಾದ ನಳಿಗೆಗೆ ಹಳೆಯ ತೆಳು ಬಟ್ಟೆ ತಾಳುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ದಿಂಬಿನ ಚೀಲಕ್ಕೆ ಹಾಕುವ ಪಟ್ಟೆ ಬಟ್ಟೆ ಸಿಕ್ಕಿತು, ಒತ್ತಾಗಿ ನೇಯ್ದದ್ದು. ಎರಡು ಸಲ ಒಗೆದು ಗಂಜಿ ಬಿಡಿಸಿ ಕಳಿಸಿದ್ದೇನೆ. ಗುಂಡಿಗೆ ಸುತ್ತಿ ನೋಡಿ. ಕೋಲು ಸ್ವಲ್ಪ ಬಿಗಿಯಾಗಬೇಕು, ಆದರೆ ಸುತ್ತಿಗೆ ಬೇಕಾಗಬಾರದು. ಅಂಗಡಿಯವಳು “ಎಷ್ಟು ದಿಂಬು ಹೊಲೀಬೇಕಮ್ಮ?” ಎಂದು ಕೇಳಿದಳು. ಜಿಂಕೆಗೆ ಅಂದೆ. ಅವಳು ಬಟ್ಟೆ ಮಡಿಚಿ ಬೇಗ ಚಿಲ್ಲರೆ ಎಣಿಸಿದಳು.

ಬಟ್ಟೆಯೊಳಗೆ ಸುತ್ತಿಟ್ಟ ಕೆಂಪು ಚೌಕುಳಿ ತುಂಡು ಗುಂಡಿಗಲ್ಲ. ಅದು ನನ್ನ ಅಂಗಿಯ ತುದಿ, ಆ ದಿನ ತೊಟ್ಟದ್ದೇ. ಮರ್ಲ್ ಚಿಕ್ಕಪ್ಪನಿಗೆ ಕೊಡಿ. ಕ್ಯಾಂಪಿನ ಬಾಕಿ ನನಗೆ ಬೇಡ.

ರೊಮೇನ್


ಹೆಮ್ಲಾಕ್ ಫೋರ್ಕ್
೧೧ ಸೆಪ್ಟೆಂಬರ್

ರೊಮೇನ್,

ಅಂಗಿ ತುದಿಯನ್ನು ಮರ್ಲ್ ತನ್ನ ಅಂಗಿಗಳ ನಡುವೆ ಮೊಳೆ ಹೊಡೆದು, ಕೆಳಗೆ ಸೀಸದ ಕಡ್ಡಿಯಲ್ಲಿ ನಿನ್ನ ಹೆಸರು ಬರೆದ. “ಅಂಗೈಯಷ್ಟೂ ಇಲ್ಲ, ಜಿಪುಣಿ” ಎಂದ. ಆದರೆ ಮೂರು ಸಲ ಹಿಂದೆ ಸರಿದು, ಸೊಟ್ಟಗಿದೆಯೋ ಎಂದು ನೋಡಿ ಸರಿ ಮಾಡಿದ.

ಬೇಸಿಗೆಯೆಲ್ಲ ನಳಿಗೆ ಉಜ್ಜಿದ್ದೇನೆ. ಶನಿವಾರ ಹುಲ್ಲುಗಾವಲಿನ ಅಂಚಿಗೆ ಹಲಗೆ ನಿಲ್ಲಿಸಿ ಐವತ್ತು ಹೆಜ್ಜೆಯಿಂದ ಹಾರಿಸಿದೆ. ಹಳೆಯ ಬಟ್ಟೆ, ಎಂಬತ್ತೈದು ಗ್ರೇನ್ ಮದ್ದು: ಹಲಗೆಯ ಮೇಲೆ ಕೋಳಿ ಕೆದರಿದ ಹಾಗೆ. ನಿನ್ನ ಬಟ್ಟೆ, ಅಷ್ಟೇ ಮದ್ದು: ಪರವಾಗಿಲ್ಲ, ಆದರೆ ಜಿಂಕೆಯ ಮೇಲೆ ಹಾರಿಸುವ ಮಟ್ಟದ್ದಲ್ಲ. ಹುಲ್ಲಿನಿಂದ ಆಯ್ದ ಸುಟ್ಟ ಬಟ್ಟೆಬಿಲ್ಲೆಗಳನ್ನು ಇದರ ಜೊತೆ ಇಟ್ಟಿದ್ದೇನೆ, ಹಳೆಯದು ಬೇರೆ ಹೊಸದು ಬೇರೆ ಕಟ್ಟಿದೆ. ನೋಡಿ ಹೇಳು, ನಿನ್ನ ಕಣ್ಣು ನನ್ನದಕ್ಕಿಂತ ಚುರುಕು. ಅಂಚೆಯವಳು ಲಕೋಟೆ ಮೂಸಿ, “ಏನ್ರೀ ಎಲ್ವುಡ್, ಕೊಳೆತ ಮೊಟ್ಟೆ ಕಳಿಸ್ತಿದೀರಾ?” ಎಂದಳು.

ಇನ್ನೊಂದು ತೊಂದರೆ. ಆ ಕೋವಿಯ ಹಿಡಿಯನ್ನು ನಿನ್ನ ತೋಳಿನ ಅಳತೆಗೆ ಕೊರೆದದ್ದು. ನಾನು ಭುಜಕ್ಕಿಟ್ಟರೆ ಪ್ರತಿ ಸಲವೂ ನನ್ನ ಹೆಬ್ಬೆರಳೇ ನನ್ನ ಮೂಗಿಗೆ ಗುದ್ದುತ್ತದೆ. ಮೂಗಿನಲ್ಲಿ ರಕ್ತ ಸುರಿಸಿಕೊಂಡು ಮನೆಗೆ ಬಂದರೆ ಫರ್ನ್, “ಯಾರ್ ಹತ್ರ ಹೊಡೆತ ತಿಂದ್ರಿ?” ಎಂದಳು. ರೊಮೇನಳ ಹತ್ತಿರ ಅಂದೆ. “ತಿನ್ನಿ, ಮನೆಯಲ್ಲಿ ಒಬ್ಬರಾದ್ರೂ ತಿನ್ನಿ” ಎಂದಳು.

ಎಲ್ವುಡ್


ಆಲ್ಟೂನಾ
೨೫ ಸೆಪ್ಟೆಂಬರ್

ಮಾವ,

ಬಿಲ್ಲೆಗಳನ್ನು ಕಿಟಕಿಗೆ ಹಿಡಿದು ನೋಡಿದೆ. ಹಳೆಯವು ನಡುವೆ ಸುಟ್ಟು ತೂತಾಗಿವೆ, ಅವನ್ನು ಬಿಡಿ. ಹೊಸವು ಗಟ್ಟಿ ಇವೆ, ಆದರೆ ಒಂದು ಕಡೆ ಎಳೆಗಳು ಹರಿದಿವೆ. ಎಲ್ಲದರಲ್ಲೂ ಹರಿದದ್ದು ಗುಂಡಿನ ಸೊಂಟ ಕೂರುವ ಜಾಗದಲ್ಲೇ. ಗುಂಡು ಹೊರಡುವಾಗಲೇ ಆ ಸಿಡುಬಿನ ಮೇಲೆ ತರಚುತ್ತಿದೆ. ಎಂಬತ್ತೈದು ಹೆಚ್ಚಾಯಿತು. ಎಪ್ಪತ್ತಕ್ಕೆ ಇಳಿಸಿ. ಬಟ್ಟೆಗೆ ಸವರುವ ಕೊಬ್ಬಿಗೆ ಇನ್ನೊಂದು ಪಾಲು ಜೇನುಮೇಣ ಸೇರಿಸಿ. ಪ್ರತಿ ಗುಂಡಿನ ನಂತರ ಒದ್ದೆ ಬಟ್ಟೆ ಒಂದು, ಒಣ ಬಟ್ಟೆ ಒಂದು. ಮೇಲಿನ ಗಂಡಿಯಲ್ಲಿ ಅರವತ್ತು ಹೆಜ್ಜೆಗಿಂತ ದೂರ ಯಾರಿಗೂ ಏನೂ ಕಾಣಿಸುವುದಿಲ್ಲ, ಅಷ್ಟಕ್ಕೆ ಎಪ್ಪತ್ತು ಧಾರಾಳ. ಎಂಬತ್ತೈದು ಹಾಕುವುದು ಗಂಡಸರ ಚಟ, ಸದ್ದಿಗೋಸ್ಕರ.

ಈಗ ಇನ್ನೊಂದು ಮಾತು. ಏಪ್ರಿಲ್‌ನಿಂದ ನಾವು ಕೋವಿಯ ಬಗ್ಗೆ ಬರೆದುಕೊಳ್ಳುತ್ತಿದ್ದೇವೆ. ಡಿಸೆಂಬರಿನಲ್ಲಿ ಮೇಲಿನ ಗಂಡಿಗೆ ಯಾರು ಎಂದು ಮರ್ಲ್ ಚಿಕ್ಕಪ್ಪ ಕೇಳಿದ್ದನ್ನು ನೀವು ಬರೆದಿರಿ, ನೋಡೋಣ ಅಂದದ್ದು ಬಿಟ್ಟರೆ ಉತ್ತರವನ್ನು ಬರೆಯಲಿಲ್ಲ. ಕೋವಿ ತೆಗೆದುಕೊಂಡು ಹೋಗು ಎಂದು ನೀವೂ ಹೇಳಲಿಲ್ಲ, ಕಳಿಸಿಕೊಡಿ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಅಲ್ಲಿಗೆ ಮುಗಿದ ಹಾಗೆ ಅನ್ನಿಸಿತ್ತು.

ನಾನು ಕ್ಯಾಂಪಿಗೆ ಬರಬಹುದಾ? ಬಳಸಿ ಕೇಳಲು ನನಗೆ ಬರುವುದಿಲ್ಲ. ಬೇಡ ಅಂದರೆ ಬೇಜಾರಿಲ್ಲ ಎಂದು ಬರೆಯಲಾರೆ. ಬೇಜಾರಾಗುತ್ತದೆ. ವರ್ಷದಲ್ಲಿ ನನಗೆ ಬೇಕಾದ ದಿನಗಳು ಅವೇ. ಆದರೂ ಇದ್ದದ್ದನ್ನು ಹೇಳಿ.

ರೊಮೇನ್


ಹೆಮ್ಲಾಕ್ ಫೋರ್ಕ್
೨೩ ಅಕ್ಟೋಬರ್

ರೊಮೇನ್,

ಎಪ್ಪತ್ತು ಸರಿಹೋಯಿತು. ಐವತ್ತು ಹೆಜ್ಜೆಗೆ ಐದು ಗುಂಡು ಒಂದು ಬಟ್ಟಲಿನಡಿ ಮುಚ್ಚುವ ಹಾಗೆ ಬಿದ್ದವು. ಜಿಂಕೆ ಕೊಂಬಿನ ತುದಿ ಕೊರೆದು ಎಪ್ಪತ್ತು ಹಿಡಿಯುವ ಹೊಸ ಅಳತೆ ಮಾಡಿದ್ದೇನೆ. ಚಟದ ಬಗ್ಗೆ ನೀನು ಬರೆದದ್ದನ್ನು ಮರ್ಲನಿಗೆ ಓದಿ ಹೇಳಿದೆ. ಅವನು ನೂರು ಹಾಕುತ್ತಾನೆ, ನಿನಗೆ ಗೊತ್ತಲ್ಲ. ಕೇಳಿಸದವನ ಹಾಗೆ ಕೂತ.

ಇನ್ನು ನಿನ್ನ ಪ್ರಶ್ನೆ. ನಾನೊಬ್ಬನೇ ಹೇಳುವುದಾದರೆ ಬಾ ಅನ್ನುತ್ತಿದ್ದೆ, ನಿನಗೆ ಅಂಚೆ ಖರ್ಚೇ ಬೇಕಿರಲಿಲ್ಲ. ಹೋದ ವಾರ ಗಾರ್ತ್ ಸೌದೆ ಒಡೆಯಲು ಕ್ಯಾಂಪಿಗೆ ಬಂದಿದ್ದ. ಗೋಡೆಯ ಮೇಲಿನ ತುಂಡು ನೋಡಿದ. ನಡೆದ ಮಾತನ್ನು ಹಾಗೇ ಬರೆಯುತ್ತೇನೆ.

“ಅಪ್ಪಾ, ಅವಳ ಅಂಗಿ ಇಲ್ಲಿ ಯಾಕಿದೆ?”

“ಗುರಿ ತಪ್ಪಿದ್ಳು, ಅದಕ್ಕೆ.”

“ಈ ಸಲ ಬರ್ತಾಳಾ?”

“ಕರೀಬೇಕು ಅಂತಿದೀನಿ.”

“ಹಾಗಾದ್ರೆ ನಾನು ಬರಲ್ಲ.”

ಕೊಡಲಿ ಕೆಳಗಿಟ್ಟು ಬೊಡ್ಡೆಯ ಮೇಲೆ ಕೂತ. “ಮೂರು ಹೊತ್ತು ಒಂದೇ ಮೇಜಿನಲ್ಲಿ ಕೂರ್ಬೇಕಪ್ಪ. ನಾನು ಅವಳ ಹತ್ರ ಏನ್ ಮಾತಾಡ್ಲಿ?”

“ಹೋದ ಸಲ ಮಾತಾಡ್ದೆಯಲ್ಲ, ಅವಳು ಮದ್ದು ಹಾಕ್ತಿರೋವಾಗ.”

ಅವನ ಮುಖದ ಬಣ್ಣ ಹೋಯಿತು. ನನಗೆ ಗೊತ್ತೆಂದು ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಬಿದ್ದ ಮದ್ದಿನ ವಿಷಯ ಹೇಳಿದೆ. “ಆ ಕೋವಿ ಸಿಡಿದಿದ್ರೆ?” ಎಂದ. ಸಿಡಿಯಲಿಲ್ಲ ಅಂದೆ. ಅವನು ಉಳಿದ ಸೌದೆಯನ್ನೆಲ್ಲ ಒಡೆದು ಜೋಡಿಸಿ, ಉಣ್ಣದೆ ಹೋದ. ಹೋಗುವಾಗ, “ನಾನು ಸಿಟ್ಟಿಂದ ಹೇಳಿದ್ದಲ್ಲ. ನನ್ನ ಕೈಲಿ ಆಗಲ್ಲ” ಎಂದ.

ಅವನು ಸುಳ್ಳು ಹೇಳುತ್ತಿಲ್ಲ ರೊಮೇನ್. ನನಗೆ ಇರುವವನು ಅವನೊಬ್ಬ ಮಗ. ಕ್ಯಾಂಪಿನಲ್ಲಿ ದಿನಾ ಬೆಳಿಗ್ಗೆ ಯಾರು ಯಾವ ಗಂಡಿಗೆ ಎಂದು ಹಂಚುವವನು ನಾನು, ಮೂವತ್ತು ವರ್ಷದಿಂದ ಯಾವತ್ತೂ ತಡವರಿಸಿದವನಲ್ಲ. ಈ ಒಂದು ಗಂಡಿ ಹಂಚಲು ಬರುತ್ತಿಲ್ಲ.

ಎಲ್ವುಡ್


ಆಲ್ಟೂನಾ
೬ ನವೆಂಬರ್

ಮಾವ,

ಇದ್ದದ್ದನ್ನು ಹೇಳಿ ಅಂದಿದ್ದೆ, ಹೇಳಿದಿರಿ. ನಾನು ಬರುವುದಿಲ್ಲ. ನೀವು ಬೇಡವೆನ್ನಬೇಕಾಗಿ ಬರದಿರಲಿ ಎಂದು ನಾನೇ ಹೇಳುತ್ತಿದ್ದೇನೆ. ಇನ್ನು ಈ ಮಾತು ಎತ್ತಬೇಡಿ.

ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿ ಸರಕಾರದ ಬೇಟೆ ಕಾಡು ಇದೆ. ಎರಡು ಭಾನುವಾರ ನಡೆದು ನೋಡಿ ಬಂದೆ. ಓಕ್ ಮರಗಳಿರುವ ಒಂದು ದಿಣ್ಣೆ, ಅದರ ಕೆಳಗೆ ಜೌಗು, ನಡುವೆ ಜಿಂಕೆ ಹಾದಿ. ಸೋವುವವರಿಲ್ಲದೆ ಒಬ್ಬಳೇ ಕೂತು ಕಾಯಬೇಕು. ಕಾಯಬಹುದು. ಊಟಕ್ಕೆ ಬ್ರೆಡ್ಡು ಕಟ್ಟಿಕೊಂಡು ಹೋಗುತ್ತೇನೆ.

ಅದಕ್ಕೆ ಕೋವಿ ಬೇಕು. ಹೇಗಾದರೂ ಕಳಿಸಿಕೊಡಿ. ಹೊಸ ಅಳತೆಯನ್ನೂ ಮರೆಯಬೇಡಿ.

ರೊಮೇನ್


ಕ್ಯಾಂಪಿನ ಮೇಜಿನ ಮೇಲೆ
೨೨ ಡಿಸೆಂಬರ್

ಗಾರ್ತ್,

ನೀನು ಕ್ರಿಸ್‌ಮಸ್ ಊಟ ಈಗ ನಿನ್ನ ಜೊತೆಗಿರುವವಳ ಕಡೆಯವರ ಮನೆಯಲ್ಲಿ ಮುಗಿಸಿ ನೇರ ಇಲ್ಲಿಗೆ ಬರುತ್ತೀ ಎಂದು ಅಮ್ಮ ಹೇಳಿದಳು. ಬಂದಾಗ ನಾನಿರುವುದಿಲ್ಲ. ಹುಷಾರಾಗಿದ್ದೇನೆ, ಗಾಬರಿಯಾಗಬೇಡ.

ಒಲೆಯ ಕೊಳವೆ ಗುಡಿಸಿದ್ದೇನೆ. ಬಾವಿಯ ಪಂಪು ಹೆಪ್ಪುಗಟ್ಟಿದರೆ ಬಿಸಿನೀರು ಸುರಿ, ಸುತ್ತಿಗೆ ಬೇಡ. ಈ ಸಲ ಗಂಡಿ ಹಂಚುವವನು ನೀನು. ಮರ್ಲ್ ಚಿಕ್ಕಪ್ಪನನ್ನು ತೊರೆಯ ಹತ್ತಿರವೇ ನಿಲ್ಲಿಸು. ಮೇಲಕ್ಕೆ ಹತ್ತುತ್ತೇನೆ ಎಂದು ಜಗಳ ತೆಗೆಯುತ್ತಾನೆ, ಬಗ್ಗಬೇಡ. ಅವನ ಎದೆಯ ನೋವಿನ ವಿಷಯ ನಿನಗೆ ಗೊತ್ತಿಲ್ಲದ ಹಾಗೆಯೇ ಇರು. ಮಧ್ಯಾಹ್ನ ಗಾಳಿ ತಿರುಗಿದರೆ ಸೋವನ್ನು ಪೂರ್ವದಿಂದ ಶುರುಮಾಡು. ಸಾಲು ನೇರವಾಗಿರಲಿ, ಯಾರೂ ಯಾರ ಕಣ್ಣಿಂದಲೂ ತಪ್ಪಬಾರದು. ಸಂಜೆ ಎಲ್ಲರ ಕೋವಿಗೂ ನೀನೇ ಕೋಲು ಇಳಿಸಿ ನೋಡು. ಮನೆಯವರದ್ದು, ನಂಬಿಕೆಯವರದ್ದು ಎಂದು ಬಿಡಬೇಡ.

ಸೋಮವಾರ ನಾನು ಆಲ್ಟೂನಾಕ್ಕೆ ಹೋಗುತ್ತಿದ್ದೇನೆ. ಕೋವಿ ಕೊಡಬೇಕು. ಕೊಟ್ಟು, ಜೊತೆಗೆ ಬೇಟೆಗೆ ಬರಲೇ ಎಂದು ಕೇಳುತ್ತೇನೆ. ಅವಳಿಗೆ ಇದು ಗೊತ್ತಿಲ್ಲ. ಬೇಡ ಅಂದರೆ ಸಂಜೆಯೊಳಗೆ ಇಲ್ಲಿಗೇ ಬಂದು ನೀನು ನಿಲ್ಲು ಅಂದ ಕಡೆ ನಿಲ್ಲುತ್ತೇನೆ.

ನೀನು ನಿನಗಾಗುವುದಿಲ್ಲ ಎಂದೆ. ನಿಜ ಹೇಳಿದೆ, ಅದನ್ನು ನಿನ್ನ ತಪ್ಪೆಂದು ನಾನು ಹಿಡಿದಿಲ್ಲ. ನನಗೂ ಒಂದು ಆಗುವುದಿಲ್ಲ. ಹದಿನೆಂಟು ಚಳಿಗಾಲ ನನ್ನ ಪಕ್ಕದ ಗಂಡಿಯಲ್ಲಿ ನಿಂತವಳು ಎಲ್ಲೋ ಒಬ್ಬಳೇ ಬ್ರೆಡ್ಡು ತಿನ್ನುತ್ತಿದ್ದಾಳೆ ಎಂದು ಗೊತ್ತಿದ್ದೂ ಇಲ್ಲಿ ಕೂತು ಸಾರು ಕುಡಿಯಲು ನನ್ನ ಕೈಲಾಗುವುದಿಲ್ಲ. ನಿನ್ನ ಮದುವೆ ಮುರಿದದ್ದು ನಿನ್ನದು. ಅದರಲ್ಲಿ ನನ್ನ ಪಾಲು ಎಷ್ಟು ಮುರಿಯಬೇಕು ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ.

ನೆಲಮಾಳಿಗೆಯಲ್ಲಿ ಆಲೂಗಡ್ಡೆ ಇದೆ. ಅಮ್ಮ ಕಳಿಸಿದ ಹಣ್ಣಿನ ಕಡುಬನ್ನು ಮೊದಲ ದಿನವೇ ಮುಗಿಸಬೇಡಿ.

ಅಪ್ಪ


ಆಲ್ಟೂನಾ
೨೮ ಡಿಸೆಂಬರ್, ಬುಧವಾರ

ಅತ್ತೆ,

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸಲಿಲ್ಲ ಎಂದು ಕಾರ್ಡು ಹಾಕುತ್ತಿದ್ದೇನೆ.

ಸೋಮವಾರ ನಸುಕಿಗೆ ಮಾವ ಬಾಗಿಲು ತಟ್ಟಿದರು. ತೆರೆದರೆ ಎರಡು ಕೈಯಲ್ಲೂ ಕೋವಿ ಹಿಡಿದು ನಿಂತಿದ್ದಾರೆ, ಎದುರು ಮನೆಯವರು ಪೊಲೀಸರನ್ನು ಕರೆಯದಿದ್ದದ್ದು ಪುಣ್ಯ. “ಇದನ್ನ ಕೊಡೋಕೆ ಬಂದೆ” ಎಂದರು. ಒಳಗೆ ಬನ್ನಿ ಅಂದೆ. “ಇಲ್ಲ, ಹೊರಟೆ” ಎಂದು ಹೇಳಿ ಹೊಸ್ತಿಲಲ್ಲೇ ನಿಂತರು. “ಎರಡನೇ ಕೋವಿ ಯಾರಿಗೆ?” ಎಂದು ಕೇಳಿದೆ. ಅದಕ್ಕೆ ಉತ್ತರ ಹೇಳಲು ಅವರಿಗೆ ಒಂದು ಕಪ್ಪು ಕಾಫಿ ಬೇಕಾಯಿತು.

ಮೂರು ದಿನದಿಂದ ಓಕ್ ದಿಣ್ಣೆಯ ಮೇಲೆ ಕೂರುತ್ತಿದ್ದೇವೆ. ನಿನ್ನೆ ಸಂಜೆ ನನಗೆ ಒಂದು ಹೆಣ್ಣು ಜಿಂಕೆ ಸಿಕ್ಕಿತು, ನಲವತ್ತು ಹೆಜ್ಜೆ, ನಿಂತಲ್ಲೇ ಬಿತ್ತು. ಮಾವನಿಗೆ ಇನ್ನೂ ಏನೂ ಸಿಕ್ಕಿಲ್ಲ. ಕಾಡು ಸರಿಯಿಲ್ಲ, ಜಿಂಕೆಗಳಿಗೆ ಶಿಸ್ತಿಲ್ಲ ಎನ್ನುತ್ತಾರೆ. ರಾತ್ರಿ ನನ್ನ ಸೋಫಾದ ಮೇಲೆ ಗೊರಕೆ ಹೊಡೆಯುತ್ತಾರೆ.

ಅವರ ಗಾಡಿಯ ಬ್ಯಾಟರಿ ಸತ್ತಿದೆಯಂತೆ, ವಾಪಸು ಹೇಗೆ ಹೋಗಲಿ ಎಂದು ದಿನಾ ಒಮ್ಮೆ ಹೇಳುತ್ತಾರೆ. ನಾನು ಬಾನೆಟ್ಟು ತೆರೆದು ನೋಡಲು ಹೋಗಿಲ್ಲ. ಭಾನುವಾರ ಬೇಟೆಯಿಲ್ಲ, ನಾನೇ ನನ್ನ ಗಾಡಿಯಲ್ಲಿ ಕರೆತಂದು ಬಿಡುತ್ತೇನೆ. ಅವತ್ತು ಹೊಸ ವರ್ಷ, ನೀವು ಹಂದಿ ಮಾಂಸ ಹುಳಿಕೋಸು ಮಾಡಿಯೇ ಮಾಡಿರುತ್ತೀರಿ. ನಾನು ಊಟಕ್ಕೆ ನಿಲ್ಲುತ್ತೇನೆ. ಗಾರ್ತ್ ಬರುವುದಾದರೆ ಬರಲಿ, ಉಪ್ಪು ದಾಟಿಸುವಷ್ಟು ಮಾತು ನಮ್ಮಿಬ್ಬರಲ್ಲೂ ಉಳಿದಿದೆ.

ಜಿಂಕೆಯ ಹಿಂದಿನ ತೊಡೆ ತರುತ್ತೇನೆ. ದೊಡ್ಡ ಪಾತ್ರೆ ತೆಗೆದಿಡಿ.

ರೊಮೇನ್